ಒಂದೇ ಸ್ಟೂಲಿನ ಶನಿವಾರ

“ಯಾರೂ ಮೌಸ್ ಮುಟ್ಟಬೇಡಿ!”

ಅಪ್ಪ ಕೂಗಿದ್ದು ಕೇಳಿ ಚೋಟು ಬಾಗಿಲಲ್ಲೇ ನಿಂತಳು. ಸ್ಕೂಲ್ ಬ್ಯಾಗ್ ಇಳಿಸೋದೂ ಮರೆತುಹೋಯಿತು.

ಅಪ್ಪನ ಫೋಟೋ ಸ್ಟುಡಿಯೋದಲ್ಲಿ ಇರೋದು ಒಂದೇ ಕಂಪ್ಯೂಟರ್. ಆನ್ ಮಾಡಿದರೆ ಕೆಮ್ಮಿ, ಗೊರಕೆ ಹೊಡೆದು, ಆಮೇಲೆ ನಿಧಾನಕ್ಕೆ ಕಣ್ಣು ಬಿಡುತ್ತದೆ. ಅದಕ್ಕೇ ಅಕ್ಕ ಅದಕ್ಕೆ ಮುದುಕಪ್ಪ ಅಂತ ಹೆಸರಿಟ್ಟಿದ್ದಳು.

ಇವತ್ತು ಯಾರೋ ಗಿರಾಕಿ ಮುದುಕಪ್ಪನಿಗೆ ಪೆನ್ ಡ್ರೈವ್ ಚುಚ್ಚಿ ಹೋಗಿದ್ದರು. ಅಷ್ಟೇ. ಇದ್ದಬದ್ದ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿದ್ದವು. ಯಾವುದನ್ನು ಒತ್ತಿದರೂ ಒಂದು ಫೋಟೋ ಕೂಡ ಇಲ್ಲ.

“ನಿಮ್ಮ ಸ್ಕೂಲಿನ ಗ್ರೂಪ್ ಫೋಟೋ ಎಲ್ಲ ಇದರಲ್ಲೇ ಇತ್ತಲ್ಲೇ! ಕ್ಯಾಮೆರಾ ಕಾರ್ಡೂ ಖಾಲಿ ಮಾಡಿಬಿಟ್ಟಿದೀನಿ. ಹೆಡ್‌ಮಿಸ್‌ಗೆ ಏನಂತ ಹೇಳಲಿ?” ಅಪ್ಪ ತಲೆ ಮೇಲೆ ಕೈ ಹೊತ್ತು ಕೂತರು. “ಆ ಅಪ್‌ಡೇಟ್ ಟೂಲ್ ಎಲ್ಲ ನೋಡ್ಕೊಳ್ಳುತ್ತೆ ಅಂದಿದ್ದಳಲ್ಲ ನಿಮ್ಮಕ್ಕ? ಹೋಗು, ಅವಳನ್ನ ಕರ್ಕೊಂಡು ಬಾ.”

ಟೂಲ್ ಅಂದದ್ದೇ ತಡ, ಚೋಟು ಬ್ಯಾಗ್ ಇಳಿಸದೇ ಹೊರಗೆ ಓಡಿದಳು.

ಮೊದಲು ಹೀಗಿರಲಿಲ್ಲ. ಮೊದಲೆಲ್ಲ ಶನಿವಾರ ಮಧ್ಯಾಹ್ನ ಅಂದರೆ ಮುದುಕಪ್ಪನಿಗೆ ಅಪ್‌ಡೇಟ್ ಹಾಕೋ ಹೊತ್ತು. ಅವನ ಮುಂದೆ ಇದ್ದದ್ದು ಒಂದೇ ಸ್ಟೂಲು. ಅರ್ಧದಲ್ಲಿ ಅಕ್ಕ, ಅರ್ಧದಲ್ಲಿ ಚೋಟು.

“ಇದನ್ನೆಲ್ಲ ಯಾಕೆ ಹಾಕಬೇಕು?” ಚೋಟು ಒಮ್ಮೆ ಕೇಳಿದ್ದಳು.

“ಇವನ ಸೊಳ್ಳೆಪರದೆ ಅಲ್ಲಲ್ಲಿ ಹರಿದಿರುತ್ತೆ ಕಣೇ. ತೇಪೆ ಹಾಕದಿದ್ರೆ ಸೊಳ್ಳೆ ನುಗ್ಗುತ್ತೆ.”

ಪರದೆ ಮೇಲೆ ಅಪ್‌ಡೇಟ್ ಪರ್ಸೆಂಟ್ ಆಮೆ ಥರ ತೆವಳೋದು. ಅಕ್ಕ ಕಿವಿಯಲ್ಲಿ ಕೇಳೋಳು: “ಅಪ್ಪ ಟೀ ಮುಗಿಸೋಷ್ಟರಲ್ಲಿ ಮೂವತ್ತು ದಾಟಲ್ಲ. ಬೆಟ್?”

“ದಾಟುತ್ತೆ. ಬೆಟ್!”

ಸೋತವರು ಗೆದ್ದವರಿಗೆ ಜಡೆ ಹಾಕಬೇಕು. ಎಷ್ಟು ಸಲ ಅಕ್ಕ ಬೇಕಂತಲೇ ಸೋತಿದ್ದಳೋ!

ಆಮೇಲೆ ಅಕ್ಕ ದೊಡ್ಡ ಕ್ಲಾಸಿಗೆ ಹೋದಳು. ಟ್ಯೂಷನ್, ಟೆಸ್ಟು, ಮತ್ತೆ ಟ್ಯೂಷನ್. ಒಂದು ದಿನ ನೆಟ್‌ನಿಂದ ಈ ಟೂಲ್ ಇಳಿಸಿಕೊಂಡಳು.

“ಫ್ರೀ ಅಪ್ಪ, ಒಂದು ಪೈಸೆ ಕೊಡಬೇಕಾಗಿಲ್ಲ. ಏನು ಹಳೇದಾಗಿದೆ ಅಂತ ಅದೇ ಹುಡುಕುತ್ತೆ, ಅದೇ ಇಳಿಸುತ್ತೆ, ಅದೇ ಹಾಕುತ್ತೆ. ಇನ್ನು ಯಾರೂ ಕೂತು ಕಾಯೋದು ಬೇಡ. ಟೈಮ್ ವೇಸ್ಟು.”

ಟೈಮ್ ವೇಸ್ಟು! ದೊಡ್ಡವರ ಬಾಯಲ್ಲಿ ಯಾವಾಗ ನೋಡಿದರೂ ಅದೇ ಮಾತು. ಮಕ್ಕಳಿಗೆ ಯಾವುದು ಇಷ್ಟವೋ ಅದೇ ಇವರಿಗೆ ವೇಸ್ಟು. ಅಕ್ಕ ಯಾವಾಗ ಅವರ ಗುಂಪಿಗೆ ಸೇರಿಕೊಂಡಳು?

ಚೋಟುಗೆ ಸಿಟ್ಟು ನೆತ್ತಿಗೇರಿತು. ಯಾರೂ ಇಲ್ಲದಾಗ ಟೂಲ್ ತೆರೆದು, ‘ಆಟೋಮ್ಯಾಟಿಕ್’ ಅನ್ನೋ ಪುಟ್ಟ ಚೌಕದೊಳಗಿನ ಟಿಕ್ ತೆಗೆದುಬಿಟ್ಟಳು. ಅಪ್‌ಡೇಟ್ ನಿಂತರೆ ಅಕ್ಕ ಬಂದು ಕೂರಲೇಬೇಕಲ್ಲ!

ಅಕ್ಕ ಬರಲಿಲ್ಲ. ಅಪ್‌ಡೇಟ್ ನಿಂತದ್ದು ಯಾರಿಗೂ ಗೊತ್ತೇ ಆಗಲಿಲ್ಲ. ಬಂದದ್ದು ಸೊಳ್ಳೆ.

ಈಗ ಅಕ್ಕ ಬಂದಳು, ಕೈಯಲ್ಲಿ ಟ್ಯೂಷನ್ ಪುಸ್ತಕ ಹಿಡಕೊಂಡೇ. ಅದನ್ನು ತೊಡೆ ಮೇಲಿಟ್ಟುಕೊಂಡು ಏನೇನೋ ಟೈಪ್ ಮಾಡಿದಳು. ಚೋಟು ಅವಳ ಬೆನ್ನ ಹಿಂದೆ ನಿಂತಿದ್ದಳು.

“ಫೋಟೋ ಹೋಗಿಲ್ಲಪ್ಪ. ವೈರಸ್ಸು ಬಚ್ಚಿಟ್ಟಿತ್ತು ಅಷ್ಟೇ. ನೋಡಿ, ಎಲ್ಲ ಬಂತು.”

ಅಪ್ಪ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಆಮೇಲೆ ಎದ್ದು ಪ್ರಿಂಟರಿಗೆ ಪೇಪರ್ ತರಲು ಒಳಗೆ ಹೋದರು.

ಅಕ್ಕ ವೈರಸ್ ಒರೆಸಿ ಹಾಕಿ, ಟೂಲ್ ತೆರೆದಳು. ಹಳೇದಾದವುಗಳ ಪಟ್ಟಿ, ಮೇಲಿಂದ ಕೆಳಗಿನತನಕ ಬರೀ ಕೆಂಪು. ಮೌಸ್ ಖಾಲಿ ಚೌಕದ ಹತ್ತಿರ ಬಂದು ನಿಂತಿತು.

“ಈ ಟಿಕ್ ತಾನಾಗೇ ಹೋಗಲ್ಲ.”

ಚೋಟು ತನ್ನ ಕಾಲಿನ ಹೆಬ್ಬೆರಳು ನೋಡಿಕೊಂಡಳು.

“ಯಾಕೇ ತೆಗೆದೆ?”

“ನೀನು ಬರ್ಲಿ ಅಂತ.”

ಅಕ್ಕ ಟ್ಯೂಷನ್ ಪುಸ್ತಕ ಕೆಳಗಿಟ್ಟಳು. ಸ್ಟೂಲಿನ ಒಂದು ಬದಿಗೆ ಸರಿದಳು.

“ಕೂತ್ಕೋ ಮಾರಾಯ್ತಿ. ಅಬ್ಬಾ, ಎಷ್ಟು ದಪ್ಪ ಆಗಿದೀಯ!”

“ದಪ್ಪ ಆಗಿರೋದು ನೀನು!”

ಕೆಂಪು ಒಂದೊಂದೇ ಹಸಿರಾಯಿತು. ಅಕ್ಕ ಎರಡು ಬೆಟ್ ಸೋತಳು. ಕೊನೆಗೆ ಎಲ್ಲ ಮುಗಿದಾಗ ಮೌಸ್ ಮತ್ತೆ ಆ ಖಾಲಿ ಚೌಕಕ್ಕೆ ಬಂತು.

“ಏನ್ ಮಾಡ್ಲೇ?” ಅಕ್ಕ ಮೆಲ್ಲಗೆ ಕೇಳಿದಳು.

ಆಚೆ ಅಪ್ಪ ಶಿಳ್ಳೆ ಹಾಕುತ್ತಾ ಪ್ರಿಂಟರಿಗೆ ಪೇಪರ್ ತುಂಬುತ್ತಿದ್ದರು. ತಲೆ ಮೇಲೆ ಕೈ ಹೊತ್ತಿದ್ದ ಅಪ್ಪ ಚೋಟುವಿನ ಕಣ್ಣಮುಂದೆ ಇನ್ನೂ ಇದ್ದರು. ಅವಳು ಅಕ್ಕನ ಕೈಮೇಲೆ ತನ್ನ ಕೈ ಇಟ್ಟು, ತಾನೇ ಕ್ಲಿಕ್ ಮಾಡಿದಳು. ಟಿಕ್ ಬಿತ್ತು.

ಇನ್ನೇನು, ಮುಗೀತು. ಚೋಟು ಸ್ಟೂಲಿಂದ ಇಳಿದಳು.

“ಎಲ್ಲಿಗೇ ಹೊರಟೆ?” ಅಕ್ಕ ಕೂತೇ ಇದ್ದಳು. ಅಪ್ಪ ತುಂಬಿದ ಪೇಪರನ್ನು ಪ್ರಿಂಟರ್ ಆಗಲೇ ಗರಗರ ಎಳೆದುಕೊಳ್ಳುತ್ತಿತ್ತು. “ನಿಮ್ಮ ಕ್ಲಾಸಿನ ಫೋಟೋ. ಮೊದಲು ಯಾರ ತಲೆ ಹೊರಗೆ ಬರುತ್ತೆ? ಹೆಡ್‌ಮಿಸ್ಸು ಅಂತೀನಿ ನಾನು. ಬೆಟ್?”

ಪರದೆ ಮೇಲೆ ಪರ್ಸೆಂಟ್ ಇರಲಿಲ್ಲ. ಚೋಟು ಆ ಕಡೆ ನೋಡಲೂ ಇಲ್ಲ. ತನ್ನ ಅರ್ಧ ಸ್ಟೂಲಿಗೆ ಮತ್ತೆ ಹತ್ತಿ ಕೂತಳು.

“ಕೊನೇ ಸಾಲಿನ ಉದ್ದ ಹುಡುಗ. ಬೆಟ್!” ಅಂದಳು, ಆಗಲೇ ಗೆದ್ದವಳ ಹಾಗೆ ಜಡೆ ಬಿಚ್ಚುತ್ತಾ.