ಗಾಳಿಗುಡ್ಡದ ಪಂದ್ಯ ಮತ್ತು ಕೆಂಪು ದೀಪ

ಕುದುರೆಗಳೆಲ್ಲ ಲಾಯದಲ್ಲಿ ಹಾಯಾಗಿ ಹುಲ್ಲು ಮೇಯುತ್ತಿದ್ದ ಕಾಲ ಅದು. ಬಿರುಗಾಳಿಪುರ ಅಂತ ಒಂದು ರಾಜ್ಯ. ಅಲ್ಲಿ ರಾಜರಿಂದ ಹಿಡಿದು ಮಾಂತ್ರಿಕರವರೆಗೆ ಎಲ್ಲರೂ ಓಡಿಸುತ್ತಿದ್ದದ್ದು ಸ್ಪೋರ್ಟ್ಸ್ ಕಾರು! ರಾಜಕುಮಾರಿ ಮಿಂಚಾಂಬೆಯ ಅಕ್ಕ ಹೊನ್ನಾಂಬೆಯನ್ನು ಧೂಮಾಕ್ಷ ಅನ್ನೋ ಮಾಂತ್ರಿಕ ಕಲ್ಲು ಮಾಡಿ, ಗಾಳಿಗುಡ್ಡದ ತುದಿಯಲ್ಲಿ ನಿಲ್ಲಿಸಿಬಿಟ್ಟಿದ್ದ.

"ನನಗಿಂತ ಮೊದಲು ಕಾರಿನಲ್ಲಿ ಗುಡ್ಡ ಹತ್ತು, ಅಕ್ಕ ನಿನ್ನವಳು. ಸೋತರೆ ಯಾವತ್ತಿಗೂ ಕಲ್ಲೇ!" ಅಂದ.

"ಬಾರೋ, ನೋಡೇಬಿಡೋಣ!" ಅಂದಳು ಮಿಂಚಾಂಬೆ.

ಅವಳನ್ನು ಸಾಕಿದ ಸೋದರತ್ತೆ ಗೌರಾಜಮ್ಮ ಸೆರಗು ಸಿಕ್ಕಿಸಿ ಪಕ್ಕದಲ್ಲಿ ಕೂತರು. ಭರ್ರನೆ ಹೊರಟಿತು ನೋಡಿ ಕೆಂಪು ಕಾರು! ಧೂಮಾಕ್ಷನ ಕರೀ ಕಾರು ಹಿಂದೆ ಬಿತ್ತು. ಅವನು ಸುಮ್ಮನಿರ್ತಾನಾ? ಮಂತ್ರ ಊದಿದ.

ಟಕ್, ಟಕ್, ಟಕ್!

"ಅಯ್ಯೋ, ಎಂಜಿನ್ ಹೋಯ್ತು ಕಣೇ!" ಅಂದರು ಅತ್ತೆ.

ಮಿಂಚಾಂಬೆ ಕಾರು ನಿಲ್ಲಿಸಿ, ಗೇರು ತೆಗೆದು, ಆಕ್ಸಿಲರೇಟರ್ ಒತ್ತಿದಳು. ಎಂಜಿನ್ ಗರ್ಜಿಸಿತು, ಟಕ್ ಟಕ್ ಮಾತ್ರ ಇಲ್ಲ. "ನಿಂತಾಗ ಸದ್ದಿಲ್ಲ ಅಂದ್ರೆ ಎಂಜಿನ್ನಿನದಲ್ಲ ಅತ್ತೆ, ಚಕ್ರದ್ದು!" ಇಳಿದು ನೋಡಿದರೆ ಟೈರಿನ ಸಂದಿಯಲ್ಲಿ ಮಾಟದ ಕಲ್ಲೊಂದು ಹಲ್ಲು ಕಿರಿಯುತ್ತಾ ಕೂತಿದೆ. ಸ್ಕ್ರೂಡ್ರೈವರಿನಿಂದ ಮೀಟಿ ಎಸೆದಳು. ಅದು ಕುಯ್ಯೋ ಅನ್ನುತ್ತಾ ಕಣಿವೆಗೆ ಉರುಳಿತು.

ಮುಂದಿನ ತಿರುವಿನಲ್ಲಿ ಕನ್ನಡಿ ನೋಡಿದರೆ ಹಿಂದೆ ರಸ್ತೆಯುದ್ದಕ್ಕೂ ಹನಿ ಹನಿ! "ಆಯಿಲ್ ಸೋರ್ತಿದೆ!" ಅಂತ ಅತ್ತೆ ಎದೆ ಹಿಡಿದುಕೊಂಡರು. ಮಿಂಚಾಂಬೆ ಇಳಿದು, ಹನಿಯನ್ನು ಬೆರಳಿಗೆ ತಗೊಂಡು ಉಜ್ಜಿದಳು, ಮೂಸಿದಳು. ಜಿಡ್ಡಿಲ್ಲ, ವಾಸನೆಯಿಲ್ಲ.

"ಎಸಿ ನೀರು! ಸೆಕೆ ಸೆಕೆ ಅಂತ ಜೋರಾಗಿ ಹಾಕಿಸಿದ್ದು ಯಾರು?"

"ನಾನೇ ಬಿಡು" ಅಂದರು ಅತ್ತೆ. ಇದಕ್ಕೆ ಮಾಟವೇ ಬೇಕಾಗಿರಲಿಲ್ಲ.

ಅಷ್ಟರಲ್ಲಿ ಕರೀ ಕಾರು ಪಕ್ಕಕ್ಕೇ ಬಂತು. ಎರಡೂ ಜೊತೆಜೊತೆಗೆ ಹಾರಿದವು. ಅಗೋ ತುದಿ! ಅಗೋ ಕಲ್ಲಾಗಿ ನಿಂತ ಅಕ್ಕ! ಆಗಲೇ ಮಿಂಚಾಂಬೆಯ ಎದುರು ಕೆಂಪು ದೀಪ ಹತ್ತಿತು. ಎಂಜಿನ್ನಿಗೆ ಆಯಿಲ್ ಸಾಲದು ಅಂತ ಹೇಳೋ ಆಯಿಲ್ ದೀಪ.

"ಅದೂ ಸುಳ್ಳು ಕಣೇ, ಓಡಿಸು!" ಅಂತ ಪಕ್ಕದ ಕಾರಿನಿಂದ ಇಣುಕಿ ನಕ್ಕ ಧೂಮಾಕ್ಷ.

"ಎರಡು ಸಲವೂ ಏನೂ ಆಗಲಿಲ್ಲ, ಹೊಡಿ ಕಂದಾ!" ಅಂದರು ಅತ್ತೆ.

ಮಿಂಚಾಂಬೆಯ ಕಣ್ಣು ತುಂಬಿತು. ಕಾಲು ಒತ್ತು ಒತ್ತು ಅನ್ನುತ್ತಿತ್ತು. "ಈ ದೀಪ ಹತ್ತಿದ ಮೇಲೆ ಓಡಿಸೋ ಹಾಗಿಲ್ಲ ಅತ್ತೆ" ಅಂದವಳೇ ಎಂಜಿನ್ ಆಫ್ ಮಾಡಿದಳು! ಕರೀ ಕಾರು ಕೇಕೆ ಹಾಕುತ್ತಾ ಮುಂದೆ ಹೋಯಿತು.

ಕೆಳಗೆ ನುಸುಳಿ ನೋಡಿದರೆ ಕಪ್ಪು ಜಿಡ್ಡು, ಈ ಸಲ ನಿಜವಾದ ಆಯಿಲ್. ಪಕ್ಕಕ್ಕೆ ಬಂದಾಗಲೇ ಮಾಂತ್ರಿಕ ಮಂತ್ರ ಊದಿ ಎಂಜಿನ್ ತಳದ ಬೋಲ್ಟು ಸಡಿಲ ಮಾಡಿದ್ದ. ಸ್ಪ್ಯಾನರಿನಿಂದ ಬಿಗಿ ಮಾಡಿ, ಡಿಕ್ಕಿಯಲ್ಲಿದ್ದ ಹೊಸ ಆಯಿಲ್ ಸುರಿದು ಸ್ಟಾರ್ಟ್ ಮಾಡಿದಳು. ದೀಪ ಆರಿತು. ಆಮೇಲೆ ಹಾರಿತು ನೋಡಿ ಕಾರು!

ಕೊನೇ ತಿರುವಿನಲ್ಲಿ ಕರೀ ಕಾರು ಹೊಗೆಯೆಬ್ಬಿಸಿ ನಿಂತಿತ್ತು. ಎಂಜಿನ್ ಜಾಮ್! ಧೂಮಾಕ್ಷ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಅವನ ಕಾರಿನ ಆಯಿಲ್ ದೀಪದ ಮೇಲೆ ದೊಡ್ಡದೊಂದು ಕಪ್ಪು ಬೊಟ್ಟು ಅಂಟಿಸಿದ್ದ.

"ಒಂದು ವಾರದಿಂದ ಉರೀತಿತ್ತು, ಕಣ್ಣಿಗೆ ಚುಚ್ತಿತ್ತು, ಮುಚ್ಚಿಬಿಟ್ಟೆ" ಅಂತ ಗೊಳೋ ಅಂದ. ಅವನ ಮಾಟವೆಲ್ಲ ಆ ಎಂಜಿನ್ನಿನಲ್ಲೇ ಇತ್ತು, ಆ ಹೊಗೆಯ ಜೊತೆಗೇ ಹೋಯಿತು.

ಮಿಂಚಾಂಬೆ ತುದಿ ಮುಟ್ಟಿದಳು. ಕಲ್ಲು ಬಿರಿಯಿತು. ಹೊನ್ನಾಂಬೆ ಕಣ್ಣುಜ್ಜಿಕೊಂಡು ತಂಗಿಯನ್ನು ಬಾಚಿ ತಬ್ಬಿದಳು.

"ಎಷ್ಟು ಹೊತ್ತೇ ನಿಂದು! ದಾರಿಯಲ್ಲಿ ನಿಂತಿದ್ಯಾ?"

"ಹೂಂ ಅಕ್ಕ, ನಿಂತಿದ್ದೆ. ಅದಕ್ಕೇ ಬಂದು ಮುಟ್ಟಿದೆ" ಅಂತ ಅತ್ತಳು, ನಕ್ಕಳು. ಬಿರುಗಾಳಿಪುರದಲ್ಲಿ ಅವತ್ತು ಊರಿಗೆಲ್ಲ ಹೋಳಿಗೆ ಊಟ. ಆಮೇಲೆ ಅಕ್ಕತಂಗಿಯರು ಒಬ್ಬರನ್ನೊಬ್ಬರು ಬಿಟ್ಟಿರಲೇ ಇಲ್ಲ.