ಆರೂವರೆಯಿಂದ ಏಳರ ತನಕ

"ಇದು ಮೂಗರ ಕೇಂದ್ರವಾ, ಎಂತ?"

ಮೌರಿಸ್ ಹಾಗೆ ಕೇಳಿದ್ದು ಇಪ್ಪತ್ತೆರಡು ಜನರ ಎದುರಿಗೆ. ಅವನ ಕೈಯಲ್ಲಿ ಝೀಟಾಳ ಹಾಳೆ ಇತ್ತು. "ಆರೂವರೆಗೆ ಭರತನಾಟ್ಯ. ಏಳಕ್ಕೆ ಸರ್ಕಸ್. ಏಳೂವರೆಗೆ ಹೂಡೆಯ ಕಡಲ ಬದಿಯಲ್ಲಿ ದೋಣಿ ಕಟ್ಟುವುದು ಹೇಗೆ. ಒಬ್ಬನಾದರೂ ಬಾಯಿ ಬಿಡುವುದಿಲ್ಲವಲ್ಲ ಮಾರಾಯ್ರೆ."

ಹಿಂದಿನ ಬೆಂಚಿನವರು ನಕ್ಕರು. ಬಜಗೋಳಿಯಿಂದ ಬರುತ್ತಿದ್ದ ಹೂವಪ್ಪಣ್ಣ ಕೂಡ ನಗಲು ಹೊರಟು, ಝೀಟಾಳ ಮುಖ ನೋಡಿ ಆ ನಗುವನ್ನು ಕೆಮ್ಮು ಮಾಡಿಕೊಂಡರು.

ಝೀಟಾ ಎದ್ದು ಚೀಲದಿಂದ ಕೆಂಪು ಪೆನ್ನು ತೆಗೆದು, ಗೋಡೆಯ ಮೇಲಿದ್ದ ಮೌರಿಸನ ಹಾಳೆಯ ಹತ್ತಿರ ಹೋದಳು. 'ದಾರಾವಾಹಿ'ಯನ್ನು ತಿದ್ದಿದಳು. 'ವಿಷೇಶ'ವನ್ನು ತಿದ್ದಿದಳು. ತಿದ್ದಿದ ಕಡೆಯೆಲ್ಲ ಅಂಚಿನಲ್ಲಿ ಒಂದೊಂದು ಗೆರೆ ಎಳೆದಳು.

"ಬಾಯಿ ಬಿಡುವವರು ಮೊದಲು ಅಕ್ಷರ ಕಲಿಯಲಿ," ಎಂದಳು, ಅವನ ಕಡೆ ನೋಡದೆ.

ಆಮೇಲೆ ನೋಡಿದಳು. ಅವನಿಗೆ ಸಿಟ್ಟು ಬಂದಿರಲಿಲ್ಲ. ಎಡಹುಬ್ಬಿನ ಮೇಲೆ ಹಳೆಯ ಗಾಯದ ಗುರುತು ಇದ್ದ ಅವನ ಕಣ್ಣು ಕೆಂಪು ಗೆರೆಗಳ ಮೇಲೆ ನಿಧಾನವಾಗಿ ಇಳಿದು, ಅಲ್ಲಿಂದ ಅವಳ ಬೆರಳಿಗೆ ಬಂದು ನಿಂತಿತ್ತು. ಝೀಟಾ ಪೆನ್ನಿನ ಮುಚ್ಚಳ ಹಾಕಿದಳು. ಅಷ್ಟು ಗಟ್ಟಿಯಾಗಿ ಹಾಕಬೇಕಾಗಿರಲಿಲ್ಲ.

ಇದು ನಡೆದದ್ದು ಎಂಬತ್ತೇಳರಲ್ಲಿ, ಪರ್ಕಳದ ಕಜೆಟನ್ ಮಾಸ್ಟ್ರ ರೇಡಿಯೋ-ಟಿವಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಊರಿಗೆ ಟಿವಿ ಬಂದು ಸ್ವಲ್ಪ ವರ್ಷವಾಗಿತ್ತು. ದೆಹಲಿಯವರು ಕೊಟ್ಟದ್ದನ್ನು ನೋಡುವುದು, ಆಮೇಲೆ ಬೈಯುವುದು, ಇಷ್ಟೇ ಎಲ್ಲರ ಕೆಲಸ. ಮಾಸ್ಟ್ರಿಗೆ ಬೈಗುಳ ಕೇಳಿ ಸಾಕಾಯಿತು. "ನಿಮ್ಮ ಕೈಗೇ ಕೊಟ್ಟರೆ ಎಂತ ಹಾಕುತ್ತೀರಿ? ಬರೆದು ತನ್ನಿ ನೋಡುವ," ಎಂದರು. ಅದೇ ಆಟವಾಯಿತು.

ಆಡುವವರಿಗೆಲ್ಲ ಒಂದೊಂದು ಕಾಲ್ಪನಿಕ ಕೇಂದ್ರ. ಸಂಜೆ ಐದೂವರೆಯಿಂದ ಒಂಬತ್ತೂವರೆಯ ತನಕ ಎಂಟು ಅರ್ಧ ಗಂಟೆ. ಎಂಟರಲ್ಲಿ ಎಂತೆಂತ ಹಾಕುತ್ತೀರಿ ಎಂದು ಹಾಳೆಯಲ್ಲಿ ಬರೆದು ಶನಿವಾರ ಮಧ್ಯಾಹ್ನ ಮೂರಕ್ಕೆ ಗೋಡೆಗೆ ಅಂಟಿಸಬೇಕು. ಸಿನಿಮಾ ಹಾಡು ಒಂದೇ ಸಲ. ವಾರ್ತೆಯನ್ನು ಮುಟ್ಟುವ ಹಾಗಿಲ್ಲ. ಸದಸ್ಯರು ಪ್ರತಿ ಅರ್ಧ ಗಂಟೆಗೆ ತಾವು ಯಾರ ಕೇಂದ್ರ ನೋಡುತ್ತಿದ್ದೆವು ಎಂದು ಗುರುತು ಹಾಕುತ್ತಾರೆ. ಹೆಚ್ಚು ಗುರುತು ಬಿದ್ದವರು ಮುಂದೆ. ಹತ್ತು ವಾರದ ಕೊನೆಗೆ ಗೆದ್ದವರ ಹಾಳೆ ಎಲ್ಲರ ಸಹಿಯೊಂದಿಗೆ ಬೆಂಗಳೂರಿನ ದೂರದರ್ಶನಕ್ಕೆ ಹೋಗುತ್ತದೆ.

ಬೇರೆಯವರಿಗೆ ಆ ಕೊನೆಯ ಮಾತು ತಮಾಷೆ. ಝೀಟಾ ಆಡುತ್ತಿದ್ದದ್ದೇ ಅದಕ್ಕಾಗಿ.

ಅವಳು ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದಳು. ಮನೆ ಕಾಪುವಿನಲ್ಲಿ. ಮನೆಯಲ್ಲಿ ಅವಳು ಮತ್ತು ತಾಯಿ ಜೆರ್ಟ್ರೂಡ್ ಬಾಯಿ ಇಬ್ಬರೇ. ಕ್ರೈಸ್ತ ಹೆಂಗಸರನ್ನು ಊರಿನವರು ಬಾಯಿ ಎಂದೇ ಕರೆಯುವುದು. ಅಣ್ಣ ಓಸ್ವಾಲ್ಡ್ ಬಹರೈನಿನಲ್ಲಿದ್ದ, ಟಿವಿ ತಂದದ್ದು ಅವನೇ. ಟೈಫಾಯಿಡ್ ಬಂದು ಹೋದ ಮೇಲೆ ತಾಯಿಗೆ ಕಿವಿ ಪೂರ್ತಿ ಕೇಳದಾಗಿ ಆರು ವರ್ಷ. ಮೊದಲು ಇಗರ್ಜಿಯ, ಅಂದರೆ ಚರ್ಚಿನ, ಅಂಗಳದಲ್ಲಿ ಅವರ ಮಾತು ಮುಗಿಯದೆ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಈಗ ಪೂಜೆ ಮುಗಿದ ಕೂಡಲೇ ಕೊಡೆ ಹಿಡಿದು ಹೊರಟುಬಿಡುತ್ತಿದ್ದರು. ಸಂಜೆ ಟಿವಿಯ ಎದುರು ಕೂತರೆ ಶಬ್ದದ ಗುಂಡಿ ಯಾವಾಗಲೂ ಸೊನ್ನೆಯಲ್ಲಿ.

ಹಾಗಾಗಿ ಝೀಟಾಳ ಕೇಂದ್ರದಲ್ಲಿ ಮಾತಿಲ್ಲದ್ದೇ ಹೆಚ್ಚು. ಕುಣಿತ, ಫುಟ್ಬಾಲ್, ಸರ್ಕಸ್, ಅಡುಗೆ. ಕಾರಣ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕನಿಕರಕ್ಕೆ ಗುರುತು ಬೀಳುತ್ತದೆ ಎಂದು ಗೊತ್ತಿತ್ತು.

ಮೂಗರ ಕೇಂದ್ರ. ಬಸ್ಸಿನಲ್ಲಿ ಉಡುಪಿ ದಾಟುವವರೆಗೂ ಆ ಮಾತು ಅವಳ ಕಿವಿಯಲ್ಲೇ ಇತ್ತು.

ಅಲ್ಲಿಂದ ಶುರುವಾದ ಜಗಳ ವಾರ ವಾರ ಬೆಳೆಯಿತು; ಉಳಿದವರ ಹಾಳೆಗೆ ಗುರುತು ಬೀಳುವುದೇ ನಿಂತಿತು. ಅವಳು ಆರೂವರೆಗೆ ನೃತ್ಯ ಹಾಕಿದರೆ ಅವನು ಅದೇ ಹೊತ್ತಿಗೆ ಸಿನಿಮಾ ಹಾಡು ಹಾಕಿ ಹದಿನಾರು ಗುರುತು ಬಾಚಿಕೊಳ್ಳುತ್ತಿದ್ದ. ಅವನು ಎಂಟಕ್ಕೆ ಹಾಸ್ಯ ಇಟ್ಟರೆ ಅವಳು ವಿಶ್ವಕಪ್ಪಿನ ಹಳೆಯ ಫುಟ್ಬಾಲ್ ಇಟ್ಟು ಗಂಡಸರನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು. ಅವಳ ಹಾಳೆಯ ಕೆಳಗೆ ಅವನು ಬರೆಯುತ್ತಿದ್ದ: "ನಿದ್ರೆ ಬಾರದವರಿಗೆ ಒಳ್ಳೆಯದು." ಅವನ ಹಾಳೆಯ ಕೆಳಗೆ ಅವಳು: "ಬುದ್ಧಿ ಬಾರದವರಿಗೆ ಒಳ್ಳೆಯದು."

"ಝೀಟಾ ಬಾಯಿಗೆ ನನ್ನ ಮೇಲೆ ಯಾಕಷ್ಟು ಕೋಪ?" ಒಂದು ಶನಿವಾರ ಅವನು ಬಾಗಿಲಲ್ಲಿ ಅಡ್ಡ ನಿಂತು ಕೇಳಿದ.

"ಕೋಪಕ್ಕೂ ಒಂದು ಯೋಗ್ಯತೆ ಬೇಕು. ದಾರಿ ಬಿಡಿ, ಬಸ್ಸು ಉಂಟು ನನಗೆ."

ದಾರಿ ಬಿಟ್ಟ. ಆದರೆ ಪೂರ್ತಿ ಬಿಡಲಿಲ್ಲ. ಅವಳ ಸೀರೆಯ ಸೆರಗು ಅವನ ತೋಳಿಗೆ ತಾಗಿಯೇ ಹೋಗಬೇಕಾಯಿತು. ಅವನಿಂದ ತಂತಿಗೆ ಸೀಸ ಬೆಸೆದ ವಾಸನೆ ಬರುತ್ತಿತ್ತು. ಆ ವಾಸನೆಯನ್ನು ಅವಳು ಸೋಮವಾರದವರೆಗೆ ದ್ವೇಷಿಸಿದಳು.

ಮೌರಿಸ್ ಕಾರ್ಕಳದ ಕಡೆಯವನು. ಬೊಂಬಾಯಿಯಲ್ಲಿ ಏಳು ವರ್ಷ ದುಡಿದು ಬಂದು, ಪರ್ಕಳದಲ್ಲಿ ಬಾಡಿಗೆ ಕೋಣೆ ಹಿಡಿದು, ಮಾಸ್ಟ್ರ ಅಂಗಡಿಯ ಆಂಟೆನಾ ಕೆಲಸ ಮಾಡುತ್ತಿದ್ದ. ಎಂಟನೆಯ ವಾರ ಝೀಟಾಳ ಕಾಪುವಿನ ಮನೆಯ ಆಂಟೆನಾ ಗಾಳಿಗೆ ತಿರುಗಿ ಟಿವಿಯ ಚಿತ್ರ ಕೆಟ್ಟಿತು. ಝೀಟಾ ಮಾಸ್ಟ್ರಿಗೆ ಹೇಳಿದಳು. "ಯಾರನ್ನಾದರೂ ಕಳಿಸಿ, ಅವನನ್ನು ಬಿಟ್ಟು."

"ನನ್ನಲ್ಲಿ ಇರುವುದೇ ಅವನೊಬ್ಬ, ಬಾಯಿ," ಎಂದರು ಮಾಸ್ಟ್ರು.

ಗುರುವಾರ ಸಂಜೆ ಮನೆ ತಲುಪಿದಾಗ ಚಿತ್ರ ಸರಿಯಾಗಿತ್ತು. ಅವನು ಬಂದು ಹೋಗಿ ಆಗಿತ್ತು. "ಒಳ್ಳೆಯ ಹುಡುಗ," ಎಂದರು ತಾಯಿ, ತಮಗೆ ಕೇಳದಿದ್ದುದರಿಂದ ಬೀದಿಗೆಲ್ಲ ಕೇಳುವಷ್ಟು ಜೋರಾಗಿ. "ಎರಡು ಸಲ ಚಾ ಕುಡಿದ."

ಶನಿವಾರ ಝೀಟಾ ಮೌರಿಸನ ಹಾಳೆಯನ್ನು ಎರಡು ಸಲ ಓದಿದಳು. ಆರೂವರೆಯಿಂದ ಏಳರ ತನಕದ ಜಾಗ ಖಾಲಿ. ಅವಳ ನೃತ್ಯಕ್ಕೆ ಎದುರಾಗಿ ಅವನು ಏನೂ ಹಾಕಿರಲಿಲ್ಲ. ಇಪ್ಪತ್ತು ಗುರುತು ಅವಳಿಗೆ ಬಿತ್ತು. ಒಟ್ಟು ಲೆಕ್ಕದಲ್ಲಿ ಅವಳು ಮುಂದೆ ಹೋದಳು. ಜನ ಚಪ್ಪಾಳೆ ತಟ್ಟಿದರು.

ಬಸ್ ಸ್ಟಾಪಿನಲ್ಲಿ ಅವಳು ಅವನನ್ನು ಹಿಡಿದಳು.

"ಯಾಕೆ ಖಾಲಿ ಬಿಟ್ಟದ್ದು?"

"ಮರೆತುಹೋಯಿತು."

"ಸುಳ್ಳು ಹೇಳಬೇಡಿ. ನನ್ನ ಅಮ್ಮನನ್ನು ನೋಡಿ ಬಂದಿರಿ. ಪಾಪ ಅನಿಸಿತು. ಅದಕ್ಕೆ ಭಿಕ್ಷೆ ಹಾಕಿದಿರಿ, ಅಲ್ವಾ?"

ಅವನ ಮುಖದ ಮೇಲಿನ ನಗು ಹೋಯಿತು. ನಗು ಇಲ್ಲದ ಆ ಮುಖವನ್ನು ಅವಳು ಅದೇ ಮೊದಲು ನೋಡಿದ್ದು. "ಮೂಗರ ಕೇಂದ್ರ ಅಂದೆನಲ್ಲ," ಎಂದ. "ಅದನ್ನು ಹೇಗೆ ಹಿಂದೆ ತೆಗೆದುಕೊಳ್ಳುವುದು ಎಂದು ಗೊತ್ತಾಗಲಿಲ್ಲ."

"ತಪ್ಪಾಯಿತು ಅನ್ನಬೇಕು. ಒಂದೇ ಶಬ್ದ. ಅದರಲ್ಲಿ ಮಹಾಪ್ರಾಣ ಕೂಡ ಇಲ್ಲ."

"ತಪ್ಪಾಯಿತು."

"ನನಗೆ ನಿಮ್ಮನ್ನು ಸೋಲಿಸಬೇಕಿತ್ತು. ನೀವು ಅದನ್ನೂ ಕಸಿದುಕೊಂಡಿರಿ." ಅವಳಿಗೆ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು. "ಇನ್ನು ಎರಡು ವಾರ ಉಂಟು. ಗಂಡಸಾದರೆ ಸರಿಯಾಗಿ ಆಡಿ. ಇಲ್ಲದಿದ್ದರೆ ಈ ಅಂಗಡಿಯ ಮೆಟ್ಟಲು ನಾನು ಹತ್ತುವುದಿಲ್ಲ."

ಅವನು ಸರಿಯಾಗಿಯೇ ಆಡಿದ. ಒಂಬತ್ತನೆಯ ವಾರ ಅವಳಿಗೆ ಸಮ ಬಂದ. ಹತ್ತನೆಯ ವಾರ ಆರೂವರೆಯ ಜಾಗದಲ್ಲಿ ಒಂದೇ ಒಂದು ಅಕ್ಷರ ತಪ್ಪಿಲ್ಲದೆ ಹೀಗೆ ಬರೆದಿದ್ದ:

"ಕನ್ನಡ ಸಾಂಸಾರಿಕ ಧಾರಾವಾಹಿ. ಆಡುವ ಮಾತೆಲ್ಲ ಚಿತ್ರದ ಕೆಳಗೆ ಕನ್ನಡ ಅಕ್ಷರದಲ್ಲಿ ಬರುತ್ತದೆ. ಕಿವಿ ಕೇಳದವರಿಗೂ ಜಗಳ ಯಾಕೆ ಎಂದು ತಿಳಿಯಬೇಕು."

ಹೂವಪ್ಪಣ್ಣ ಮೆಲ್ಲಗೆ, "ನಮ್ಮ ಅಜ್ಜಿಗೂ ಇದು ಆಗುತ್ತಿತ್ತು," ಎಂದರು. ಗುರುತು ಹಾಕುವಾಗ ಹದಿನೈದು ಅವನಿಗೆ, ಐದು ಅವಳಿಗೆ. ಅವನು ಗೆದ್ದ.

ಈ ಸಲ ಝೀಟಾ ಬಸ್ ಸ್ಟಾಪಿನ ತನಕವೂ ಕಾಯಲಿಲ್ಲ.

"ನನ್ನ ಅಮ್ಮನ ಕಿವಿ ಮೇಲೆ ಗೆದ್ದಿರಲ್ಲ, ನಾಚಿಕೆ ಇಲ್ಲವಾ?"

"ನೀವೇ ಸರಿಯಾಗಿ ಆಡಿ ಎಂದದ್ದು."

"ಅವರಿಗೆ ಎಂತ ಬೇಕೆಂದು ನಿಮಗೆ ಎಂತ ಗೊತ್ತು?"

"ಕೇಳಿದೆ," ಎಂದ ಮೌರಿಸ್. "ಚಾ ಕುಡಿಯುವಾಗ ಕ್ಯಾಲೆಂಡರಿನ ಹಿಂದೆ ಬರೆದು ಕೇಳಿದೆ. ನಿಮಗೆ ಯಾವುದು ಇಷ್ಟ ಬಾಯಿ, ಎಂದು. ಕುಣಿತ ನೋಡಿ ನೋಡಿ ಸಾಕಾಗಿದೆ ಎಂದರು. ಭಾನುವಾರದ ಹಿಂದಿ ಧಾರಾವಾಹಿಯ ಆ ಸೊಸೆ ಯಾಕೆ ಅಳುತ್ತಾಳೆ ಎಂದು ಆರು ತಿಂಗಳಿಂದ ಯೋಚಿಸುತ್ತಿದ್ದಾರಂತೆ." ಆಮೇಲೆ ಸೇರಿಸಿದ, "ನೀವು ಕೇಳಿದ್ದೀರಾ, ಒಂದು ಸಲ?"

ಅವಳು ಅವನ ಕೆನ್ನೆಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಸುಲಭವಾಗುತ್ತಿತ್ತು.

ಅಂದು ಸಂಜೆ ಕ್ಯಾಲೆಂಡರ್ ತಿರುಗಿಸಿ ನೋಡಿದಳು. ಅವನ ಸೊಟ್ಟ ಅಕ್ಷರದಲ್ಲಿ ಪ್ರಶ್ನೆಗಳು ಹಾಳೆ ತುಂಬ ಇದ್ದವು. ಪಕ್ಕದಲ್ಲೇ ಅವಳು ಬರೆದಳು: "ಅಮ್ಮಾ, ನಿನಗೆ ಕುಣಿತ ಇಷ್ಟ ಇಲ್ಲವಾ?"

ತಾಯಿ ಓದಿದರು. ಮಗಳ ಮುಖ ನೋಡಿದರು. "ನೀನು ಪ್ರೀತಿಯಿಂದ ಕುಣಿತ ಬರುವ ಹೊತ್ತು ನೋಡಿ ಕೂರಿಸುತ್ತಿದ್ದೆ," ಎಂದರು, ಈ ಸಲ ಅವರ ಮಟ್ಟಿಗೆ ಮೆಲ್ಲಗೆ. "ಬೇಡ ಅನ್ನಲು ಮನಸ್ಸಾಗಲಿಲ್ಲ. ಆದರೆ ಮಗಾ, ನನಗೆ ಕಿವಿ ಹೋದದ್ದು. ಊರಿನ ಸುದ್ದಿ ಬೇಕು ಅನ್ನುವ ಆಸೆ ಹೋಗಲಿಲ್ಲ."

ಝೀಟಾ ಅಡುಗೆಮನೆಗೆ ಹೋಗಿ ಕೊಡದಿಂದ ಒಂದು ಲೋಟ ನೀರು ತೆಗೆದು ಕುಡಿದಳು. ಆರು ವರ್ಷ ಬೇರೆಯವರ ತಪ್ಪುಗಳನ್ನು ತಿದ್ದಿ ಸಂಬಳ ತೆಗೆದುಕೊಂಡಿದ್ದಳು.

ಸೋಮವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಣಿಪಾಲದಿಂದ ಪರ್ಕಳಕ್ಕೆ ಬಂದಳು. ಮೌರಿಸ್ ಅಂಗಡಿಯ ಹೊರಗೆ ಏಣಿಯ ಮೇಲಿದ್ದ.

"ನಿಮಗೆ ಹಿಂದಿ ಬರುತ್ತದಾ?" ಕೆಳಗಿನಿಂದಲೇ ಕೇಳಿದಳು.

"ಬೊಂಬಾಯಿಯ ಹಿಂದಿ ಬರುತ್ತದೆ."

"ಭಾನುವಾರ ಹನ್ನೊಂದಕ್ಕೆ ಒಂದು ಧಾರಾವಾಹಿ ಬರುತ್ತದೆ, ಆ ಸೊಸೆಯದ್ದು. ನನಗೆ ಹಿಂದಿ ಅರ್ಧ ತಿಳಿಯುವುದಿಲ್ಲ. ನೀವು ಕೊಂಕಣಿಯಲ್ಲಿ ಹೇಳಿದರೆ ನಾನು ಬರೆದು ಅಮ್ಮನಿಗೆ ಕೊಡುತ್ತೇನೆ. ಬೆಂಗಳೂರಿನವರು ಅಕ್ಷರ ಹಾಕುವ ತನಕ."

ಅವನು ಏಣಿಯಿಂದ ಇಳಿದ. ಒಂದೊಂದೇ ಮೆಟ್ಟಿಲು, ಅವಳ ಮೇಲಿನ ಕಣ್ಣು ತೆಗೆಯದೆ. "ಇದು ಕ್ಷಮೆ ಕೇಳುವ ರೀತಿಯಾ?"

"ಕೆಲಸ ಕೊಡುವ ರೀತಿ. ಬರುವುದಾದರೆ ಬನ್ನಿ. ಬರದಿದ್ದರೆ ಏಣಿ ಹತ್ತಿ."

ಬಂದ. ಆ ಭಾನುವಾರ, ಮತ್ತಿನ ಭಾನುವಾರ, ಅದರ ಮತ್ತಿನದ್ದು. ತಾಯಿ ನಡುವಿನ ಕುರ್ಚಿಯಲ್ಲಿ, ಒಂದು ಬದಿಗೆ ಮೌರಿಸ್, ಇನ್ನೊಂದು ಬದಿಗೆ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಝೀಟಾ. ಅವನು ಹೇಳುತ್ತಿದ್ದ, ಅವಳು ಕನ್ನಡ ಅಕ್ಷರದಲ್ಲಿ ಕೊಂಕಣಿ ಗೀಚುತ್ತಿದ್ದಳು, ತಾಯಿ ಚೀಟಿ ತೆಗೆದುಕೊಂಡು ಗಟ್ಟಿಯಾಗಿ ಓದುತ್ತಿದ್ದರು. ಅವರಿಗೆ ಮನಸ್ಸಿನಲ್ಲೇ ಓದಿ ಗೊತ್ತಿರಲಿಲ್ಲ.

ಜಗಳ ನಿಲ್ಲಲಿಲ್ಲ. "ಅತ್ತೆ ಅಷ್ಟು ಮಾತಾಡಿದಳು, ನೀವು ಮೂರು ಶಬ್ದ ಹೇಳಿದಿರಿ." "ನೀವು ಬರೆಯುವುದು ನಿಧಾನ, ನಾನೆಂತ ಮಾಡಲಿ?" "ಅವಳು 'ದುಷ್ಟ' ಅಂದದ್ದು, ನೀವು 'ಪೋಕರಿ' ಅಂದಿರಿ." "ಪೋಕರಿ ಅಂದರೆ ನಿಮ್ಮ ಅಮ್ಮನಿಗೆ ಬೇಗ ತಿಳಿಯುತ್ತದೆ." ತಾಯಿಯ ಭುಜದ ಹಿಂದಿನಿಂದ ಅವರಿಬ್ಬರ ಕಣ್ಣು ಸಂಧಿಸುತ್ತಿತ್ತು, ಉರಿಯುತ್ತಿತ್ತು, ಅಲ್ಲೇ ಸ್ವಲ್ಪ ಹೆಚ್ಚು ಹೊತ್ತು ಉಳಿಯುತ್ತಿತ್ತು. ಪೂಜೆ ಮುಗಿದ ಮೇಲೆ ತಾಯಿ ಈಗ ಇಗರ್ಜಿಯ ಅಂಗಳದಲ್ಲಿ ನಿಲ್ಲುತ್ತಿದ್ದರು. ಸೊಸೆಯ ಕತೆ ಹೇಳಲು ಅವರಿಗೆ ಜನ ಬೇಕಿತ್ತು.

ಐದನೆಯ ಭಾನುವಾರ ತೆರೆಯ ಮೇಲೆ ಅತ್ತೆ ಒಬ್ಬಳೇ ಮಾತಾಡುತ್ತಿದ್ದಳು. ಮೌರಿಸ್ ಹೇಳುತ್ತಾ ಹೋದ. "ನಿನಗೆ ಈ ಮನೆಯ ಕಷ್ಟ ತಿಳಿಯದು. ನಾನು ಬಂದಾಗ ನೀನು ಹುಟ್ಟಿರಲಿಲ್ಲ." ಝೀಟಾ ಬರೆದಳು. "ನಿನ್ನ ನಾಲಿಗೆ ಚಾಕು." ಬರೆದಳು. "ಆದರೆ ವಾರದ ಆರು ದಿನ ನಾನು ಈ ಬೈಗುಳಕ್ಕೇ ಕಾಯುತ್ತೇನೆ. ನಿಮ್ಮ ಮಗಳನ್ನು ನನಗೆ ಮದುವೆ ಮಾಡಿ ಕೊಡುತ್ತೀರಾ, ಬಾಯಿ?"

ಬರೆದಾಗಿತ್ತು. ಪೆನ್ನು ನಿಂತದ್ದು ಆಮೇಲೆ. ಝೀಟಾ ಚೀಟಿಯನ್ನು ಹಿಂದೆ ಎಳೆಯುವ ಮೊದಲೇ ಅದು ತಾಯಿಯ ಕೈಗೆ ಹೋಗಿತ್ತು. ತಾಯಿ ಎಂದಿನಂತೆ ಗಟ್ಟಿಯಾಗಿ ಓದಿದರು, ಕೊನೆಯ ಸಾಲನ್ನು ಎರಡು ಸಲ ಓದಿದರು. ತೆರೆ ನೋಡಿದರು. ಅಲ್ಲಿ ಮುದುಕಿ ಒಬ್ಬಳೇ.

"ಇದನ್ನು ಕೇಳಿದ್ದು ಯಾರು?"

ಮೌರಿಸ್ ಎದ್ದು ನಿಂತಿದ್ದ. ಹುಬ್ಬಿನ ಗಾಯದ ಸುತ್ತ ಚರ್ಮ ಬಿಳಿಚಿತ್ತು. ಏಣಿಯ ಮೇಲೆ ಹೆದರದವನು ಆ ಸಣ್ಣ ಚಾವಡಿಯಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ.

"ನಿಮ್ಮ ಹಿಂದಿ ತಪ್ಪು," ಎಂದಳು ಝೀಟಾ. "ಅವಳು ಹಾಗೆ ಹೇಳಲೇ ಇಲ್ಲ."

"ಇಲ್ಲ. ನಾನು ಹೇಳಿದ್ದು."

"ಸಿಟ್ಟಿನವಳು ನಾನು."

"ಗೊತ್ತುಂಟು."

"ಬದಲಾಗುವುದಿಲ್ಲ."

"ಬೇಡ," ಎಂದ ಅವನು. "ದಯವಿಟ್ಟು."

ಅವಳು ತಲೆ ತಗ್ಗಿಸಿದಳು. ಹೊಸ ಚೀಟಿ ತೆಗೆದಳು. ಬರೆಯಲು ತುಂಬ ಹೊತ್ತು ಹಿಡಿಯಿತು, ಬರೆದದ್ದು ಒಂದೇ ಸಾಲು. ಅವನಿಗೆ ಕಾಣದ ಹಾಗೆ ಮಡಚಿ ತಾಯಿಯ ಮಡಿಲಿಗೆ ಹಾಕಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

ಜೆರ್ಟ್ರೂಡ್ ಬಾಯಿ ಚೀಟಿ ಬಿಡಿಸಿ ಕನ್ನಡಕ ಸರಿಮಾಡಿಕೊಂಡರು. ಆಮೇಲೆ ಅಂಗಳದಾಚೆಯ ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನೂ ತಿರುಗಿ ನೋಡುವಷ್ಟು ಜೋರಾಗಿ ಓದಿದರು:

"ಅಮ್ಮಾ, ಹೂಂ ಅನ್ನು."