ಮಂಕುಬೂದಿಯ ಹಿತ್ತಲಲ್ಲಿ ಡೇರೆ

ಕಾಗೆಗಳು ಇನ್ನೂ ಬೆಳ್ಳಗಿದ್ದ ಕಾಲದಲ್ಲಿ ಜೇನುಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ಅರಮನೆಗೆ ದೊಡ್ಡದೊಂದು ಹಿತ್ತಲು. ವರ್ಷಕ್ಕೊಮ್ಮೆ ಊರಿನ ಮಕ್ಕಳೆಲ್ಲ ಅಲ್ಲಿ ಡೇರೆ ಹಾಕಿಸಿಕೊಂಡು ಮಲಗುವುದು ವಾಡಿಕೆ. ಮಲಗುವುದೆಂದರೆ ಹೆಸರಿಗೆ, ಬೆಳಗಿನ ತನಕ ಬರೀ ಗಲಾಟೆ.

ಹಿತ್ತಲಾಚೆಯ ಹಾಳುಬಾವಿಯಲ್ಲಿ ಬೂದಿಗಣ್ಣನೆಂಬ ಮಾಂತ್ರಿಕನಿದ್ದ. ಪ್ರತಿ ವರ್ಷ ನಿದ್ದೆಗೆಟ್ಟು ಅವನಿಗೆ ಸಿಟ್ಟು ನೆತ್ತಿಗೇರಿತ್ತು. ಈ ಸಲ ಡೇರೆ ಹಾಕುವ ಮೊದಲೇ ಬಂದು, ಆರು ವರ್ಷದ ರಾಜಕುಮಾರ ಮುತ್ತರಸನನ್ನು ಓತಿಕ್ಯಾತ ಮಾಡಿ ಬೇಲಿಯ ಮೇಲೆ ಕೂರಿಸಿದ. ಹಿತ್ತಲಿಗೆಲ್ಲ ಮಂಕುಬೂದಿ ಎರಚಿದ.

ಮುತ್ತರಸನ ಅಕ್ಕ ಹೊಂಬಾಳೆ ಓಡಿ ಬಂದಳು. "ನನ್ನ ತಮ್ಮನ್ನ ಕೊಡು!"

"ಕೊಡೋಣ ತಾಯಿ, ಕೊಡೋಣ," ಎಂದ ಬೂದಿಗಣ್ಣ. "ಮೂರು ಹಗಲು ಗಡುವು ಕೊಟ್ಟಿದ್ದೀನಿ. ಅಷ್ಟರೊಳಗೆ ಇಲ್ಲಿ ಡೇರೆ ಎಬ್ಬಿಸಿ ಮಕ್ಕಳನ್ನ ಅದರಡಿ ಮಲಗಿಸು, ನಿನ್ನ ತಮ್ಮ ಮನುಷ್ಯ ಆಗ್ತಾನೆ. ಆಗಲಿಲ್ವೋ, ಸಾಯೋ ತನಕ ಬೇಲಿ ಮೇಲೇ ತಲೆ ಆಡಿಸ್ಕೊಂಡಿರ್ತಾನೆ."

ಮೊದಲ ದಿನ ಹೊಂಬಾಳೆ ಓಲೆಗರಿಯಲ್ಲಿ ಎಲ್ಲ ಬರೆದುಕೊಂಡಳು: ಡೇರೆ ಎಲ್ಲಿ, ಒಲೆ ಎಲ್ಲಿ, ಯಾರ ಪಕ್ಕ ಯಾರು. ಹಿತ್ತಲಿಗೆ ಕಾಲಿಟ್ಟಳೋ ಇಲ್ಲವೋ, ತಲೆಯೆಲ್ಲ ಕಲಸುಮೇಲೋಗರ! ಡೇರೆಯ ಗೂಟಗಳನ್ನು ಹಂಡೆಗೆ ಹಾಕಿ ಬೇಯಿಸಿದಳು. ಗೂಟದ ಗುಂಡಿಗಳಿಗೆ ಅಕ್ಕಿ ಸುರಿದು ಮಣ್ಣು ಮುಚ್ಚಿದಳು. ಸಂಜೆಯಾದರೂ "ಗೂಟ ಇನ್ನೂ ಬೆಂದಿಲ್ವಲ್ಲ" ಅಂತ ಪೇಚಾಡುತ್ತಿದ್ದಳು. ನಗಬೇಡಿ, ನೀವಾಗಿದ್ದರೆ ಉಪ್ಪೂ ಹಾಕುತ್ತಿದ್ದಿರಿ.

ಎರಡನೆಯ ದಿನ ದಳವಾಯಿ ಮೀಸೆ ತಿರುವಿದ. "ಯುದ್ಧಭೂಮಿಯಲ್ಲಿ ನೂರು ಡೇರೆ ಹಾಕಿಸಿದವನು ನಾನು. ಇದ್ಯಾವ ಮಹಾ, ಅಮ್ಮಣ್ಣಿ?" ಐವತ್ತು ಸೈನಿಕರನ್ನೂ ಪಟ್ಟದಾನೆಯನ್ನೂ ಕರೆದುಕೊಂಡು ನುಗ್ಗಿದ. ಡೇರೆಯನ್ನು ಆನೆಯ ಮೇಲೆ ಹೊದಿಸಿ, ಅದರ ನಾಲ್ಕು ಕಾಲಿಗೂ ಹಗ್ಗ ಬಿಗಿದು, "ಭದ್ರವಾಗಿದೆ" ಎಂದ. ಆನೆಗೆ ನೀರಡಿಕೆಯಾಯಿತು. ಡೇರೆ ಕೆರೆಗೆ ಹೋಯಿತು.

ಮೂರನೆಯ ದಿನ ಹೊಂಬಾಳೆಗೆ ಏನೂ ತೋಚಲಿಲ್ಲ. ಬರಿಗೈಯಲ್ಲಿ ಬಂದು ಸೀಬೆಮರದ ಬುಡದಲ್ಲಿ ಕುಸಿದು ಅತ್ತಳು. "ಏನ್ಮಾಡ್ಲೋ ಕಂದಾ?" ಎಂದು ಬೇಲಿಯ ಮೇಲಿನ ತಮ್ಮನನ್ನು ಕೇಳಿದಳು. ಅವನು ತಲೆಯಾಡಿಸಿದ. ಅದು ಹೌದೋ ಅಲ್ಲವೋ, ಆ ದೇವರಿಗೇ ಗೊತ್ತು.

ಮಕ್ಕಳು ಸುತ್ತ ನೆರೆದರು. "ಅಕ್ಕಾ, ಈಗೇನ್ ಮಾಡೋದು?"

"ಗೊತ್ತಿಲ್ಲ ಕಣ್ರೋ. ನಂಗೇನೂ ಗೊತ್ತಿಲ್ಲ. ನಿಮ್ಮಿಷ್ಟ, ಏನಾದ್ರೂ ಮಾಡ್ಕೊಳ್ಳಿ."

ಅಷ್ಟೇ ಸಾಕಾಯಿತು. ಎಣ್ಣೆಗಾಣದವರ ಮಗಳು ಸುಬ್ಬಿ, ಒಣಹಾಕಿದ್ದ ರಾಣಿಯ ಸೀರೆ ಎಳೆದು ಸೀಬೆಕೊಂಬೆಗೆ ಹಾಕಿದಳು. ಒಬ್ಬ ಅಂಚಿಗೆ ಕಲ್ಲಿಟ್ಟ. ಇನ್ನೊಬ್ಬ ಗೋಣಿ ಹಾಸಿದ. ಮಂಕುಬೂದಿ ಏರುವುದು ಲೆಕ್ಕಾಚಾರ ಹೊತ್ತು ಬಂದವರ ತಲೆಗೆ. ಈ ಮಕ್ಕಳ ತಲೆಯಲ್ಲಿ ಯಾವ ಲೆಕ್ಕಾಚಾರವೂ ಇರಲಿಲ್ಲ. ಬೂದಿಗೆ ಕೆಡಿಸಲು ಏನೂ ಸಿಗಲಿಲ್ಲ.

ಬೂದಿಗಣ್ಣ ಬಾವಿಯಿಂದ ಇಣುಕಿ ಬೆಚ್ಚಿಬಿದ್ದ. "ಮೊದಲು ಸೀರೆ ಕೀಳ್ತೀನಿ, ಆಮೇಲೆ ಕಲ್ಲು ಎಸೀತೀನಿ, ಆಮೇಲೆ ಮಕ್ಕಳನ್ನ ಓಡಿಸ್ತೀನಿ," ಎಂದು ಲೆಕ್ಕ ಹಾಕುತ್ತಾ ಹಿತ್ತಲಿಗೆ ಕಾಲಿಟ್ಟ. ಅಯ್ಯೋ ಬುದ್ಧಿವಂತ! ತಾನೆರಚಿದ ಬೂದಿ ತನ್ನ ತಲೆಗೇ ಏರಿತು. ಕಲಿತ ಮಂತ್ರವೆಲ್ಲ ಮರೆತುಹೋಗಿ ಪಿಳಿಪಿಳಿ ಕಣ್ಣು ಬಿಟ್ಟ.

"ನಾನ್ಯಾಕೆ ಬಂದೆ ಇಲ್ಲಿಗೆ?"

"ಸೀರೆ ತುದಿ ಹಿಡ್ಕೊಳ್ಳೋಕೆ, ತಾತಾ," ಎಂದಳು ಸುಬ್ಬಿ. ಪಾಪ, ಹಿಡಿದುಕೊಂಡ.

ಹೊತ್ತು ಮುಳುಗುತ್ತಿತ್ತು. ಮಕ್ಕಳು ಸೀರೆಯಡಿ ಒತ್ತೊತ್ತಾಗಿ ಮಲಗಿದರು. ಹೊಂಬಾಳೆಯೂ ನಡುವೆ ತೂರಿಕೊಂಡು ಕಣ್ಣು ಮುಚ್ಚಿದಳು. ಬೇಲಿಯತ್ತ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

ಯಾರೋ ಅವಳ ಪಕ್ಕೆಗೆ ತಿವಿದರು.

"ಅಕ್ಕಾ, ಆ ಕಡೆ ಸರ್ಕೋ. ನಂಗೆ ಜಾಗವೇ ಇಲ್ಲ."

ಹೊಂಬಾಳೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು. ಸರಿದು ತಮ್ಮನಿಗೆ ಜಾಗ ಬಿಟ್ಟಳು. ಜೇನುಗಿರಿಯವರು ಉಂಡುಟ್ಟು ಸುಖವಾಗಿದ್ದರು. ನಾವೂ ನೀವೂ ಹಾಗೇ ಇರೋಣ.